ಅಕ್ಕಿ ಗಾಳಿಯಲ್ಲಿರುವ ಫೋಟೊ

ರಾಮನಾಥಪುರದ ಹೊಳೆಯಲ್ಲಿ ಎದೆಮಟ್ಟ ನೀರಿನಲ್ಲಿ ನಿಲ್ಲಿಸಿ ಕೇಳಿದರೂ ಮಾತು ಇದೇ: ಇದು ನಡೆದದ್ದು. ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ, ಐನೂರು ಜನ ನೋಡುತ್ತಿರುವಾಗ, ಹಗಲು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನಡೆದದ್ದು. ಐನೂರು ಅಂದದ್ದರಲ್ಲಿ ಬೇಕಾದರೆ ಐವತ್ತು ಜನರನ್ನು ಕಳೆದುಕೊಳ್ಳಿ. ಮಿಕ್ಕಿದ್ದರಲ್ಲಿ ಒಂದಕ್ಷರ ಕಳೆಯಲು ಬರುವುದಿಲ್ಲ.

ಆ ಗಳಿಗೆಗೆ ತಾಳಿ ಇನ್ನೂ ಗಂಡಿನ ಕೈಗೇ ಬಂದಿರಲಿಲ್ಲ. ತಟ್ಟೆಯಲ್ಲಿ ತೆಂಗಿನಕಾಯಿ, ಕಾಯಿಯ ಮೇಲೆ ತಾಳಿ, ಸುತ್ತ ಅಕ್ಷತೆ ಇಟ್ಟುಕೊಂಡು ಹೆಣ್ಣಿನ ಅಕ್ಕ ಯಮುನಾ ಸಭೆಯ ಮೂರನೇ ಸಾಲಿನಲ್ಲಿದ್ದಳು. ಹಿರಿಯರು ಒಬ್ಬೊಬ್ಬರೇ ತಾಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗಂಡು ಮೋಹನ್‌ಕುಮಾರ್ ಹಸೆಮಣೆಯ ಮೇಲೆ ಬರಿಗೈಯಲ್ಲಿ ಕೂತು, ಬಾಸಿಂಗದ ಕೆಳಗೆ ಬೆರಳು ತೂರಿಸಿ ಹಣೆ ಕೆರೆದುಕೊಳ್ಳುತ್ತಿದ್ದ. ಆಗ ಹೊಡೆಯಿತು ನೋಡಿ ಗಟ್ಟಿಮೇಳ! ಡೋಲು ಸಿಡಿಯಿತು, ಅದರ ಹಿಂದೆಯೇ ವಾಲಗ ಕೂಗಿತು. ಗಟ್ಟಿಮೇಳ ಕಿವಿಗೆ ಬಿದ್ದ ಮೇಲೆ ನಮ್ಮ ಕಡೆಯವರು ಯೋಚನೆ ಮಾಡುವುದಿಲ್ಲ, ಕೈ ತಾನಾಗಿ ಎಸೆಯುತ್ತದೆ. ಐನೂರು ಹಿಡಿ ಅಕ್ಷತೆ ಒಂದೇ ಸಲ ಮೇಲಕ್ಕೆ ಹೋಯಿತು. ಗಂಡು ಗಾಬರಿಯಾಗಿ ಎದ್ದವನೇ ಬರಿಗೈಯನ್ನು ಹೆಣ್ಣಿನ ಕತ್ತಿನ ಹಿಂದಕ್ಕೆ ಹಾಕಿ, ಇಲ್ಲದ ದಾರಕ್ಕೆ ಒಂದು ಗಂಟು ಬಿಗಿದೇಬಿಟ್ಟ. ಎರಡನೇ ಗಂಟಿಗೆ ಅವನಿಗೆ ಅನುಮಾನ ಬಂತು.

"ಯಾರಯ್ಯಾ ಅದು! ನಾನಿನ್ನೂ ಬೆರಳೇ ಎತ್ತಿಲ್ಲ! ನಿಲ್ಸಯ್ಯಾ, ನಿಲ್ಸು!" ಎಂದು ಪುರೋಹಿತರು ಕೂಗಿದರು.

ಎಲ್ಲರೂ ಡೋಲಿನ ಮಂಚಯ್ಯನ ಕಡೆ ತಿರುಗಿದರು. ಒಬ್ಬ ಮಾತ್ರ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದ. ಅವನು ಫೋಟೊ ತೆಗೆಯುವ ಮಂಜೇಶ್, ಯಮುನಾಳ ಗಂಡ, ಆ ಮನೆಯ ಹಿರಿ ಅಳಿಯ.

ಇದರ ಮೂಲವೆಲ್ಲ ಅವನ ಕೊರಳಿನಲ್ಲಿ ನೇತಾಡುತ್ತಿದ್ದ ಕ್ಯಾಮೆರಾ. ಅರಕಲಗೂಡಿನ ಬಸ್‌ಸ್ಟ್ಯಾಂಡ್ ಹತ್ತಿರ ಮಂಜೇಶನದೊಂದು ಸಣ್ಣ ಸ್ಟುಡಿಯೋ. ರೀಲಿನ ಕಾಲದಲ್ಲಿ ಅವನ ಕೈ ಚೆನ್ನಾಗಿಯೇ ಇತ್ತು. ಒತ್ತಿದರೆ ಟಕ್, ಫೋಟೊ ಬಿತ್ತು. ಆಮೇಲೆ ಬಂದವರೆಲ್ಲ "ಡಿಜಿಟಲ್ ಐತಾ?" ಎಂದು ಕೇಳಿ ವಾಪಸು ಹೋಗತೊಡಗಿದ ಮೇಲೆ, ಹಾಸನದಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಡಿಜಿಟಲ್ ಕ್ಯಾಮೆರಾ ತಂದ. ಫೋನುಗಳಲ್ಲಿ ಇನ್ನೂ ಒಳ್ಳೆಯ ಫೋಟೊ ಬೀಳದಿದ್ದ ಕಾಲ ಅದು. ಈ ಕ್ಯಾಮೆರಾದ ಸ್ವಭಾವವೇ ಬೇರೆ. ಒತ್ತಿದರೆ ಮೊದಲು ಸಣ್ಣದೊಂದು ಬೆಳಕು ಮಿನುಗುತ್ತಿತ್ತು. ಆಮೇಲೆ ಅದು ಯೋಚನೆಗೆ ಕೂರುತ್ತಿತ್ತು. ಮನುಷ್ಯ ಒಂದು ಸಲ ಉಗುಳು ನುಂಗುವಷ್ಟು ಹೊತ್ತಾದ ಮೇಲೆ ದೊಡ್ಡ ಬೆಳಕು ಹೊಡೆದು ಫೋಟೊ ಬೀಳುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದ ಪ್ರಪಂಚ ಬೇರೆಯಾಗಿರುತ್ತಿತ್ತು.

ಸಾಲಗಾಮೆಯ ನಾಮಕರಣದಲ್ಲಿ ನಗುತ್ತಿದ್ದ ಕೂಸಿಗೆ ಒತ್ತಿದ. ಫೋಟೊದಲ್ಲಿ ಕೂಸು ಅಳುತ್ತಿತ್ತು, ಜೊತೆಗೆ ಅದರ ಅವ್ವನೂ ಅಳುತ್ತಿದ್ದಳು. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಯಾರೋ ದೊಡ್ಡವರ ಕೊರಳಿಗೆ ಹಾರ ಬಿದ್ದಾಗ ಒತ್ತಿದ. ಫೋಟೊದಲ್ಲಿ ಹಾರ ಮೇಜಿನ ಮೇಲಿತ್ತು, ದೊಡ್ಡವರು ಕುರ್ಚಿಯಲ್ಲಿರಲಿಲ್ಲ. ಹೊಳೆನರಸೀಪುರದ ಮಂಚಯ್ಯ ಮದುವೆಗಳಲ್ಲಿ ಡೋಲು ಬಾರಿಸುವವನು, ಮಂಜೇಶನಿಗೆ ಹಳೆಯ ಸ್ನೇಹಿತ. ಅವನಂತೂ ಸಿಕ್ಕಿದಾಗಲೆಲ್ಲ ಕೆಣಕುತ್ತಿದ್ದ. "ನಿನ್ ಕ್ಯಾಮ್ರಾದಾಗೆ ಕೋಳಿ ಫೋಟೊ ತಗುದ್ರೆ ಸಾರು ಬತ್ತದೆ ಕಣ್ಲಾ."

ಮದುವೆಗಳಲ್ಲಿ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ನಮ್ಮ ಜನಕ್ಕೆ ತಾಳಿ ಕಟ್ಟುವ ಫೋಟೊ ಅಂದರೆ ಗಂಡಿನ ಕೈ ಹೆಣ್ಣಿನ ಕೊರಳಲ್ಲಿರಬೇಕು, ಅಕ್ಕಿ ಗಾಳಿಯಲ್ಲಿರಬೇಕು. ಮಂಜೇಶನ ಫೋಟೊಗಳಲ್ಲಿ ಅಕ್ಕಿ ಯಾವಾಗಲೂ ನೆಲದ ಮೇಲಿರುತ್ತಿತ್ತು. ಒಂದು ಸಲ ದೊಡ್ಡ ಬೆಳಕು ಹೊಡೆದರೆ ಮತ್ತೆ ಹೊಡೆಯಲು ಆ ಕ್ಯಾಮೆರಾ ಎಂಟು ಹತ್ತು ಎಣಿಸುವಷ್ಟು ಹೊತ್ತು ಕಾಯಿಸುತ್ತಿದ್ದುದರಿಂದ ಸಿಕ್ಕುತ್ತಿದ್ದುದೂ ಒಂದೇ ಅವಕಾಶ. ಹೊಳೆನರಸೀಪುರದ ಒಂದು ಮದುವೆಯಲ್ಲಿ ತಾಳಿ ಫೋಟೊದ ತುಂಬ ಗಂಡಿನ ಚಿಕ್ಕಪ್ಪನ ಬೆನ್ನು ಬಂದಿತ್ತು. ಆ ಚಿಕ್ಕಪ್ಪನೊಬ್ಬ ಮಾತ್ರ ಫೋಟೊ ಚೆನ್ನಾಗಿದೆ ಎಂದಿದ್ದ.

ಮಂಜೇಶ ಮಾಡದ ಉಪಾಯವಿರಲಿಲ್ಲ. ಬ್ಯಾಟರಿ ಬದಲಾಯಿಸಿದ, ಮೆಮೊರಿ ಕಾರ್ಡನ್ನು ಬಿಸಿಲಿಗೆ ಒಣಗಿಸಿದ, ಲೆನ್ಸ್ ಒರೆಸಿ ಒರೆಸಿ ಸವೆಸಿದ. ಪರದೆಯ ಮೂಲೆಯಲ್ಲಿದ್ದ ಸಣ್ಣದೊಂದು ಕಣ್ಣಿನ ಗುರುತನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅದು ದೃಷ್ಟಿ ತಗಲದ ಹಾಗೆ ಕಂಪನಿಯವರೇ ಹಾಕಿದ ಗುರುತು ಎಂದು ಅವನ ನಂಬಿಕೆ. ಎಳೆಕೂಸಿನ ತಾಯಂದಿರಿಗೆ ಅದನ್ನು ತೋರಿಸಿ, "ನನ್ ಕ್ಯಾಮ್ರಾದಾಗೆ ದೃಷ್ಟಿ ಆಗಕಿಲ್ಲ ಕಣವ್ವ, ನೋಡು, ಕಣ್ ಮಡಗವ್ರೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ.

ಹೀಗಿರುವಾಗ ಯಮುನಾಳ ತಂಗಿ ವರ್ಷಾಳಿಗೆ ಮದುವೆ ಗೊತ್ತಾಯಿತು. ಮಾವ ಕೃಷ್ಣಪ್ಪ ದುದ್ದದ ಕಡೆ ಹೆಸರುಳ್ಳವರು, ಐದಾರು ಎಕರೆ ತೆಂಗಿನ ತೋಟ. ಎದುರಿಗೆ "ಅಳಿಯಂದ್ರೇ" ಎನ್ನುತ್ತಿದ್ದರು, ಹಿಂದಿನಿಂದ "ಫೋಟೊದವ" ಎನ್ನುತ್ತಿದ್ದರು. ಎರಡೂ ಮಂಜೇಶನಿಗೆ ಗೊತ್ತಿತ್ತು. ಫೋಟೊ, ವಿಡಿಯೊ ಎರಡನ್ನೂ ಹಾಸನದ ಫೋಟೊಗ್ರಾಫರ್ ಶಾಂತರಾಜುವಿಗೇ ಒಪ್ಪಿಸಬೇಕೆಂದು ಅವರ ಮನಸ್ಸು. ಯಮುನಾ ತವರಿಗೆ ಹೋಗಿ ಹಟ ಹಿಡಿದು ಕೂತಳು.

"ಮನೇಲೇ ಅಳಿಯ ಇಟ್ಕಂಡು ಹೊರಗ್ನೋರ್ನ ಕರುದ್ರೆ ನಾನು ನಾಕ್ ಜನದ ಮುಂದೆ ಎಂಗಪ್ಪಾ ತಲೆ ಎತ್ಲಿ?"

"ಆಯ್ತು ಕಣವ್ವ," ಎಂದರು ಕೃಷ್ಣಪ್ಪ. "ವಿಡಿಯೊ ಅವ್ನು ಮಾಡ್ಲಿ, ಫೋಟೊ ಇವ್ರೇ ತಗೀಲಿ. ಆದ್ರೆ ತಾಳಿ ಕಟ್ಟೋದು ಮಾತ್ರ ಅಕ್ಕಿ ಗಾಳೀಲಿರೋವಾಗ್ಲೇ ಬೀಳ್ಬೇಕು. ದೊಡ್ದು ಮಾಡ್ಸಿ ಮನೆ ಆಲ್‌ನಾಗೆ ಆಕ್ಸ್ತೀನಿ. ಬೀಳ್ನಿಲ್ಲ ಅಂದ್ರೆ ಇನ್ ಮುಂದಕ್ಕೆ ನಮ್ಮನೆ ಕಾರ್ಯುಕ್ಕೆ ಆ ಡಬ್ಬ ತರ್ಬ್ಯಾಡಿ ಅಂತ ನಿನ್ ಗಂಡುಂಗೆ ಏಳ್ಬುಡು."

ಯಮುನಾ ಅಷ್ಟನ್ನೂ ಗಂಡನಿಗೆ ಹೇಳಿದಳು. ಹೇಳಿ, "ಬೀಳ್ತದೆ ಅಂತ ಮಾತು ಕೊಟ್ ಬಂದಿವ್ನಿ ಕಣ್ರೀ" ಎಂದಳು.

ಮಂಜೇಶ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹೊಳೆನರಸೀಪುರದ ಬಸ್ಸು ಹತ್ತಿ ಮಂಚಯ್ಯನ ಮನೆಗೆ ಹೋದ. ಆ ಮದುವೆಗೂ ಮಂಚಯ್ಯನದೇ ಮೇಳ. ವಿಷಯವೆಲ್ಲ ಕೇಳಿ ಮಂಚಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದ.

"ನಿನ್ ಕ್ಯಾಮ್ರಾನ ಓಡ್ಸಕ್ ಆಗಕಿಲ್ಲ ಅಂತೀಯ."

"ಆಗಕಿಲ್ಲ ಕಣಣ್ಣ. ಒತ್ತುದ್ ಮ್ಯಾಲೆ ಒಂದ್ ಉಸ್ರು ಬೇಕು ಅದುಕ್ಕೆ."

"ಅಂಗಾರೆ ಮದ್ವೇನೇ ಅದುರ್ ತಾಳುಕ್ಕೆ ತರಾನ ಬುಡು!"

ಉಪಾಯ ಹೀಗಿತ್ತು. ಗಟ್ಟಿಮೇಳ ಕೇಳಿದ ಮೇಲೆ ಜನ ಎಸೆದ ಅಕ್ಕಿ ಮೇಲೇರಲು ಒಂದು ಉಸಿರು ಬೇಕು. ಕ್ಯಾಮೆರಾಕ್ಕೂ ಅಷ್ಟೇ ಬೇಕು. ಗಂಡು ತಾಳಿ ಎತ್ತಿದ ಕೂಡಲೇ ಮಂಜೇಶ ಒತ್ತುವುದು, ಆ ಸಣ್ಣ ಬೆಳಕು ಮಿನುಗಿದ ಕೂಡಲೇ ಮಂಚಯ್ಯ ಡೋಲು ಹೊಡೆಯುವುದು, ದೊಡ್ಡ ಬೆಳಕು ಬೀಳುವ ಹೊತ್ತಿಗೆ ಅಕ್ಕಿ ಗಾಳಿಯಲ್ಲಿರುವುದು. ಪುರೋಹಿತರ ಬೆರಳಿಗಿಂತ ಅರೆಗಳಿಗೆ ಮುಂಚೆ ಹೊಡೆದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಮದುವೆಯಲ್ಲಿ ನೂರಾರು ಫೋಟೊ, ಅಷ್ಟಕ್ಕೂ ಸಣ್ಣ ಬೆಳಕು ಮಿನುಗುತ್ತದಲ್ಲ? ಅದಕ್ಕೂ ಒಂದು ಕರಾರು ಮಾಡಿಕೊಂಡರು. ತಾಳಿ ತಟ್ಟೆ ಸಭೆಗೆ ಇಳಿದ ಮೇಲೆ ಮಂಜೇಶ ಒಂದೇ ಒಂದು ಫೋಟೊವನ್ನೂ ತೆಗೆಯಕೂಡದು. ಆಮೇಲೆ ಮಿನುಗುವ ಮೊದಲನೇ ಬೆಳಕೇ ಗುರುತು.

ಅಂಗಳದಲ್ಲಿ ತಾಲೀಮೂ ಆಯಿತು. ಸಿಹಿಗುಂಬಳಕಾಯಿಯನ್ನು ಹೆಣ್ಣು ಮಾಡಿ ಕೂರಿಸಿದರು. ಮಂಚಯ್ಯನ ಹೆಂಡತಿ ಬೈಯುತ್ತ ಬೈಯುತ್ತ ಅಕ್ಕಿ ಎಸೆದಳು. ಹದಿನೇಳು ಸಲ ಅಕ್ಕಿ ನೆಲದ ಮೇಲೆ ಬಂತು. ಕೋಳಿಗಳು ತಿಂದು ತಿಂದು ಕೊನೆಗೆ ನಡೆಯಲಾರದೆ ಕೂತುಬಿಟ್ಟವು. ಹದಿನೆಂಟನೇ ಸಲ ಪರದೆಯಲ್ಲಿ ಕುಂಬಳಕಾಯಿಯ ತಲೆಯ ಮೇಲೆ ಅಕ್ಕಿ ಗಾಳಿಯಲ್ಲಿ ನಿಂತಿತ್ತು. ಇಬ್ಬರೂ ತಬ್ಬಿಕೊಂಡರು.

ಮದುವೆಯ ದಿನ ಎಲ್ಲ ಸರಿಯಾಗಿಯೇ ನಡೆಯಿತು. ಮೇಳದವರ ಜಗಲಿಗೂ ಮಂಟಪಕ್ಕೂ ನಡುವೆ ಜನ, ಕಂಬ, ಹೂವಿನ ಸರ. ಮಂಚಯ್ಯನಿಗೆ ಗಂಡೂ ಕಾಣುತ್ತಿರಲಿಲ್ಲ, ಹೆಣ್ಣೂ ಕಾಣುತ್ತಿರಲಿಲ್ಲ. ಮಂಜೇಶನ ಕ್ಯಾಮೆರಾ ಮಾತ್ರ ಕಾಣುತ್ತಿತ್ತು. ತಟ್ಟೆ ಸಭೆಗೆ ಇಳಿಯಿತು. ಮಂಚಯ್ಯ ಡೋಲಿನ ಕೋಲು ಎತ್ತಿ ಹಿಡಿದು ರೆಪ್ಪೆ ಬಡಿಯದೆ ಕೂತ.

ಮೂರನೇ ಸಾಲಿನ ತುದಿಯಲ್ಲಿ ಲಕ್ಷ್ಮಿದೇವಮ್ಮ ಕೂತಿದ್ದಳು, ಕೃಷ್ಣಪ್ಪನವರ ತಾಯಿ. ಯಮುನಾ, ವರ್ಷಾ ಇಬ್ಬರನ್ನೂ ಎತ್ತಿ ಆಡಿಸಿದ ಅಜ್ಜಿ. ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷ. ಇಂಥವರ ಮುಂದೆ ತಾಳಿ ತಟ್ಟೆ ನಿಲ್ಲುವುದಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ತಟ್ಟೆ ಹಿಡಿದವರ ಕಾಲು ಆ ಜಾಗದಲ್ಲಿ ಸ್ವಲ್ಪ ಚುರುಕಾಗುತ್ತದೆ, ಅಷ್ಟೆ. ಅವರೂ ಆ ಹೊತ್ತಿಗೆ ಸರಿಯಾಗಿ ಸೊಂಟದ ಎಲೆಅಡಿಕೆ ಚೀಲ ಹುಡುಕುತ್ತಿರುತ್ತಾರೆ. ಅಜ್ಜಿಯೂ ಹುಡುಕುತ್ತಿದ್ದಳು. ಯಮುನಾಳ ಕಾಲು ಮಾತ್ರ ಅಲ್ಲಿ ನಿಂತಿತು.

"ಅಜ್ಜಿ, ಮುಟ್ಟು."

"ಬ್ಯಾಡ ಕಣವ್ವ. ಮುಂದುಕ್ ಓಗು."

"ನೀನ್ ಮುಟ್ಟೋಗಂಟ ನಾನ್ ಓಗಕಿಲ್ಲ. ವರ್ಷನೂ ಇದೇ ಏಳವ್ಳೆ, ಅಜ್ಜಿ ಮುಟ್ನಿಲ್ಲ ಅಂದ್ರೆ ಕಟ್ಟುಸ್ಕೊಳಕಿಲ್ಲ ಅಂತ."

ಅಜ್ಜಿ ಅತ್ತ ಇತ್ತ ನೋಡಿದಳು. ಆಮೇಲೆ ಅವಳ ಕೈ ಸೆರಗಿನಿಂದ ನಿಧಾನವಾಗಿ ಹೊರಗೆ ಬಂತು, ಬಂದು ತಾಳಿಯ ಮೇಲೆ ಕೂತಿತು. ಮುಖದಲ್ಲಿ ಒಂದು ನಗು ಮೂಡಿತು, ಕದ್ದು ಬೆಲ್ಲ ತಿಂದ ಹುಡುಗಿಯ ನಗು. ಯಮುನಾ ತಿರುಗಿ ಗಂಡನನ್ನು ಕೂಗಿದಳು.

"ರೀ! ಇದ್ನ ತಗೀರಿ! ಬ್ಯಾಗ!"

ಮಂಜೇಶ ಒತ್ತಿದ. ಸಣ್ಣ ಬೆಳಕು ಮಿನುಗಿದ ಮೇಲೆ ಅವನಿಗೆ ಕರಾರು ನೆನಪಾಯಿತು. ಒತ್ತಿದ್ದನ್ನು ವಾಪಸು ತೆಗೆಯುವ ಗುಂಡಿ ಯಾವ ಕ್ಯಾಮೆರಾದಲ್ಲೂ ಇಲ್ಲ.

ಆಮೇಲಿನದನ್ನು ಆಗಲೇ ಹೇಳಿಯಾಯಿತು. ಪುರೋಹಿತರು ಮಂಚಯ್ಯನಿಗೆ ಬೈದರು. ಮಂಚಯ್ಯ ಒಂದು ಸಲ ಮಂಜೇಶನ ಕಡೆ ನೋಡಿ, "ಯಾರೋ ಗಟ್ಟಿಮೇಳ ಅಂದಂಗಾಯ್ತು ಬುದ್ದಿ, ತಪ್ಪಾಯ್ತು" ಎಂದು ತಲೆ ಬಗ್ಗಿಸಿಕೊಂಡ. ಮುಹೂರ್ತಕ್ಕೆ ಇನ್ನೂ ಆರು ನಿಮಿಷವಿತ್ತು. ಕೈಯಲ್ಲಿದ್ದ ಅಕ್ಷತೆಯೆಲ್ಲ ಖರ್ಚಾಗಿತ್ತಲ್ಲ, ಇಡೀ ಸಭೆ ಬಗ್ಗಿ ಕುರ್ಚಿಗಳ ಕೆಳಗೆ ಅಕ್ಕಿ ಆರಿಸತೊಡಗಿತು. ರೇಷ್ಮೆ ಸೀರೆ, ಗರಿಗರಿ ಪಂಚೆಗಳ ಹಿಂಭಾಗಗಳು ಮಾತ್ರ ಮೇಲೆ ಕಾಣುತ್ತಿದ್ದವು. ನಗಬಹುದಾಗಿತ್ತು. ಯಾರೂ ನಗಲಿಲ್ಲ, ಏಕೆಂದರೆ ಆಗಲೇ ಗಂಡಿನ ಸೋದರತ್ತೆ ಪುಟ್ಟಲಕ್ಷ್ಮಮ್ಮ ಬಾಯಿ ತೆಗೆದಿದ್ದಳು.

"ಆ ಮಂಚಯ್ಯ ಮೂವತ್ತು ವರ್ಸದಿಂದ ಬಾರುಸ್ತಾವ್ನೆ, ಒಂದ್ ದಿನನಾರೂ ತಪ್ಪವ್ನಾ? ಇವತ್ತೇ ಯಾಕ್ ತಪ್ದ? ಅರಿಸಿನ ಕುಂಕುಮ ಇಲ್ದೋರ್ ಕೈ ಬಿದ್ದೇಟ್ಗೇ ತಪ್ದ! ತಾಳಿ ಇಲ್ದೆ ಗಟ್ಟಿಮೇಳ ಅಂದ್ರೇನು, ಆಟವಾ? ನಮ್ಮುಡುಗುನ್ ಗತಿ ಏನು?"

ಸುತ್ತಲಿನ ನಾಲ್ಕೈದು ಹೆಂಗಸರು ಲೊಚಗುಟ್ಟಿದರು. ಯಮುನಾ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದಳು. ಅಜ್ಜಿ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು, ಸುಟ್ಟ ಕೈಯನ್ನು ಸುತ್ತಿಕೊಳ್ಳುವ ಹಾಗೆ. ಅವಳ ಬೋಳು ಹಣೆಯ ಮೇಲೆ, ಬಿಳಿ ಕೂದಲಿನಲ್ಲಿ, ಹಿಂದಿನ ಸಾಲಿನವರು ಎಸೆದಿದ್ದ ಅರಿಸಿನದ ಅಕ್ಕಿ ಅಂಟಿಕೊಂಡಿತ್ತು.

"ನಂದೇ ತಪ್ಪು ಕಣ್ರವ್ವ. ಕೈ ನೀಡ್ಬಾರ್ದಿತ್ತು," ಎಂದಳು. ಎದ್ದು, ಗೋಡೆ ಹಿಡಿದುಕೊಂಡು, ಅಡಿಗೆ ಮನೆಯ ಕಡೆ ಹೋದಳು.

ಮಂಜೇಶ ಆರು ಮಾರು ದೂರದಲ್ಲಿದ್ದ. ನಾನು ಮಾಡಿದ್ದು ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆ ಎದ್ದಿತು. ಎದುರಿಗೆ ಕೃಷ್ಣಪ್ಪ ನಿಂತಿದ್ದರು, ಪಕ್ಕದಲ್ಲಿ ಬೀಗರು, ಹಿಂದೆ ವಿಡಿಯೊ ಹಿಡಿದ ಶಾಂತರಾಜು. ನಾಲಿಗೆ ಮತ್ತೆ ಮಲಗಿತು. ತಾಳಿ ಒಂದು ಆಗಿಬಿಡಲಿ, ಆಮೇಲೆ ಹೇಳೋಣ ಎಂದುಕೊಂಡ. ತಾಳಿ ಆಯಿತು. ಧಾರೆ ಆಗಲಿ ಎಂದುಕೊಂಡ. ಧಾರೆಯೂ ಆಯಿತು. ಮೊದಲ ಪಂಕ್ತಿ ಏಳಲಿ ಎಂದುಕೊಂಡ. ತಾಳಿ ಕಟ್ಟುವಾಗ ಮಂಚಯ್ಯ ಈ ಸಲ ಪುರೋಹಿತರ ಬೆರಳು ಕಾಣುವ ಕಡೆ ಎದ್ದು ಹೋಗಿ ನಿಂತು ಬಾರಿಸಿದ್ದ. ಮಂಜೇಶನ ಫೋಟೊದಲ್ಲಿ ಅಕ್ಕಿ ಮತ್ತೆ ನೆಲದ ಮೇಲೇ ಇತ್ತು. ಮೇಲಾಗಿ ನಡುವೆ ಪುಟ್ಟಲಕ್ಷ್ಮಮ್ಮನ ಬೆನ್ನು.

ಕೈ ತೊಳೆಯುವ ಜಾಗದಲ್ಲಿ ಶಾಂತರಾಜು ಸಿಕ್ಕಿದ. ಫೋಟೊ ಎಂಗ್ ಬಂದವೆ ನೋಡಾನ ಎಂದು ಕ್ಯಾಮೆರಾ ಇಸಿದುಕೊಂಡ. ತಾಳಿ ಫೋಟೊ ಬಂದಾಗ ಸಭ್ಯತೆಗೆ ಏನೂ ಅನ್ನದೆ ಹಿಂದಕ್ಕೆ ತಿರುಗಿಸಿದ. ಅದರ ಹಿಂದಿನದಕ್ಕೆ ಅವನ ಬೆರಳು ನಿಂತಿತು.

"ಲೋ ಮಂಜೇಶ... ಇದ್ಯಾವಾಗ್ಲಾ ಒಡ್ದೆ?"

ಅಜ್ಜಿಯ ಫೋಟೊ. ತಾಳಿಯ ಮೇಲೆ ಅವಳ ಕೈ, ಮುಖದಲ್ಲಿ ಆ ನಗು, ಮೇಲೆ ಇಡೀ ಸಭೆಯ ಅಕ್ಕಿ ಹಳದಿ ಮಳೆಯ ಹಾಗೆ ಗಾಳಿಯಲ್ಲಿ ನಿಂತಿತ್ತು. ಒಂದು ಕಾಳೂ ನೆಲ ಮುಟ್ಟಿರಲಿಲ್ಲ.

"ಇಪ್ಪತ್ ವರ್ಸುದಾಗೆ ನಂಗ್ ಒಂದ್ ಬಿದ್ದಿಲ್ಲ ಕಣೋ ಇಂಥದ್ದು," ಎಂದ ಶಾಂತರಾಜು. ಆಮೇಲೆ ಪರದೆಯ ಮೂಲೆ ನೋಡಿ ಹುಬ್ಬು ಗಂಟಿಕ್ಕಿದ. "ಅಲ್ಲಾ, ಈ ಕಣ್ಣು ಯಾಕ್ ಆನ್ ಮಡಿಕಂಡಿದೀಯ?"

"ಅದು... ದೃಷ್ಟಿಗೆ ಅಲ್ವಾ?"

ಶಾಂತರಾಜು ನಕ್ಕ ನಗುವಿಗೆ ಕೈ ತೊಳೆಯುತ್ತಿದ್ದವರೆಲ್ಲ ತಿರುಗಿದರು. ಕಣ್ಣೀರು ಒರೆಸಿಕೊಂಡು ಅವನು ಬಿಡಿಸಿ ಹೇಳಿದ. ಫ್ಲ್ಯಾಶ್ ಹೊಡೆದರೆ ಫೋಟೊದಲ್ಲಿ ಕಣ್ಣು ಕೆಂಡದ ಹಾಗೆ ಕೆಂಪಗೆ ಬರುತ್ತದೆ. ಹಾಗಾಗದಿರಲಿ ಎಂದು ಕ್ಯಾಮೆರಾ ಮೊದಲು ಸಣ್ಣ ಬೆಳಕು ತೋರಿಸಿ, ಎದುರಿಗಿರುವವರ ಕಣ್ಣಿನ ಪಾಪೆ ಕಿರಿದಾಗುವ ತನಕ ಕಾದು, ಆಮೇಲೆ ಹೊಡೆಯುತ್ತದೆ. ತಡವಾಗುವುದೇ ಅದರಿಂದ. "ಅದ್ನ ಆರ್ಸುದ್ರೆ ಮುಗೀತು. ಗುಂಡೀನ ಅರ್ಧ ಒತ್ತಿ ಇಡ್ಕಂಡಿದ್ದು ಆಮೇಲ್ ಪೂರ್ತಿ ಒತ್ತುದ್ರೆ ಇನ್ನೂ ಚುರುಕು." ಎರಡು ಗುಂಡಿ ಒತ್ತಿದ. ಕಣ್ಣು ಮಾಯವಾಯಿತು. ಕ್ಯಾಮೆರಾವನ್ನು ನಲ್ಲಿಯ ಕಡೆ ಹಿಡಿದು ಒತ್ತಿದ. ಟಕ್. ನಲ್ಲಿಯಿಂದ ಜಾರಿದ ಹನಿ ಪರದೆಯಲ್ಲಿ ಇನ್ನೂ ಗಾಳಿಯಲ್ಲಿತ್ತು.

ಮಂಜೇಶ ಆ ಹನಿಯನ್ನೇ ನೋಡಿದ. ಎರಡು ವರ್ಷದಿಂದ ಕೈಯಳತೆಯಲ್ಲೇ ಇದ್ದ ಎರಡು ಗುಂಡಿ. ಅವನಿಗೆ ಕಿವಿಯ ತುದಿಯಿಂದ ಕತ್ತಿನವರೆಗೆ ಬೆಂಕಿ ಇಟ್ಟ ಹಾಗಾಯಿತು. ಕ್ಯಾಮೆರಾ ಇಸಿದುಕೊಂಡು ಅಡಿಗೆ ಮನೆಯ ಪಕ್ಕದ ಉಗ್ರಾಣಕ್ಕೆ ಹೋದ.

ಬಾಳೆಎಲೆಯ ಕಟ್ಟು, ತೆಂಗಿನಕಾಯಿಯ ರಾಶಿಯ ನಡುವೆ ಅಜ್ಜಿ ಗೋಣಿಚೀಲದ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. ಯಾರೂ ಹೇಳಿರಲಿಲ್ಲ, ಸುಮ್ಮನೆ ಮುರಿಯುತ್ತಿದ್ದಳು. ಯಮುನಾ ಬಾಗಿಲಿಗೆ ಒರಗಿ ನಿಂತಿದ್ದಳು, ಕಣ್ಣು ಊದಿಕೊಂಡಿತ್ತು. "ನಾನೇ ತಟ್ಟೆ ನಿಲ್ಲಿಸ್ದೆ. ನನ್ನಿಂದ್ಲೇ ಅಜ್ಜಿ ಮಾತು ಕೇಳಂಗಾಯ್ತು," ಎಂದಳು, ಗಂಡನಿಗೋ ಗೋಡೆಗೋ ತಿಳಿಯದ ಹಾಗೆ.

ಮಂಜೇಶ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಮಂಚಯ್ಯನ ಅಂಗಳ, ಕುಂಬಳಕಾಯಿ, ಕರಾರು, ಸಣ್ಣ ಬೆಳಕು, ಕೊನೆಗೆ ಆ ಕಣ್ಣು. ಹೇಳುವಾಗ ಅವನ ಕಿವಿಗೇ ಅದು ಹುಚ್ಚನ ಮಾತಿನ ಹಾಗೆ ಕೇಳುತ್ತಿತ್ತು. ಅಜ್ಜಿ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

"ಯಾರ್ಗೂ ಏಳ್ಬ್ಯಾಡ ಕಣ್ ಮಗ," ಎಂದಳು. "ಕಸುಬು ಮಾಡಿ ಉಣ್ಣೋನು ನೀನು. ಈ ಮಾತು ಆಚೆಗ್ ಓದ್ರೆ ನಾಳೀಕೆ ಯಾರ್ ಕರೀತಾರೆ ನಿನ್ನ? ನಿಮ್ಮಾವ ತಾನೆ ಸುಮ್ಕಿದ್ದಾನಾ? ನನ್ ಮ್ಯಾಲ್ ಬಿದ್ದದ್ದು ಬಿದ್ದೈತೆ, ಇರ್ಲಿ ಬುಡು. ಇಪ್ಪತ್ತೆಲ್ಡ್ ವರ್ಸ ಆಯ್ತು, ನಂಗೇನ್ ಒಸುದಾ?"

ಮಂಜೇಶ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಬೈಯುತ್ತಾಳೆ ಎಂದುಕೊಂಡಿದ್ದ. ಯಮುನಾ ಒರಗಿದ್ದ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೆ.

ಊಟದ ಹಾಲಿನಲ್ಲಿ ಎರಡನೇ ಪಂಕ್ತಿ ಕೂತಿತ್ತು. ಬೀಗರ ಕಡೆಯವರದು, ಇನ್ನೂರು ಎಲೆ. ಪುಟ್ಟಲಕ್ಷ್ಮಮ್ಮನ ಎಲೆಗೆ ಪಾಯಸ ಬಿದ್ದಿತ್ತು. ಕೃಷ್ಣಪ್ಪ ಕೈ ಮುಗಿದುಕೊಂಡು, "ನಿಧಾನುಕ್ ಊಟ ಮಾಡಿ, ಇನ್ನೊಂದ್ ಚೂರು ಆಕುಸ್ಕಳಿ" ಎಂದು ಉಪಚಾರ ಹೇಳುತ್ತ ಬರುತ್ತಿದ್ದರು. ಮಂಜೇಶ ಸಾಲಿನ ನಡುವೆ ನಿಂತ. ಎಲ್ಲರೂ ಫೋಟೊಗೆಂದು ಮುಖ ಸರಿಮಾಡಿಕೊಂಡರು.

"ಅತ್ತೆಮ್ಮ," ಎಂದ, ಪುಟ್ಟಲಕ್ಷ್ಮಮ್ಮನಿಗೆ. "ಗಟ್ಟಿಮೇಳ ಒಡುಸ್ದೋನು ನಾನು. ಅಜ್ಜಿ ಕೈಯಿಂದ ಏನೂ ಆಗ್ನಿಲ್ಲ."

"ಅಂದ್ರೆ? ನೀನ್ಯಾವಾಗ್ಲಪ್ಪ ಡೋಲು ಬಾರ್ಸ್ದೆ?"

ಈಗ ಇನ್ನೂರು ಜನಕ್ಕೆ ಬಿಡಿಸಿ ಹೇಳಬೇಕಾಯಿತು. ಅವನು ಹೇಳಿದ. ಯಾರಿಗೂ ಅರ್ಥವಾಗಲಿಲ್ಲ. "ಒತ್ತುದ್ ಮ್ಯಾಲೆ ಉಸ್ರು ಎಳ್ಕತದಾ? ಕ್ಯಾಮ್ರಾನಾ, ಎಮ್ಮೇನಾ?" ಎಂದು ಯಾರೋ ಕೇಳಿದರು. ಬೇರೆ ದಾರಿ ಇರಲಿಲ್ಲ. ಆರಿಸಿದ್ದ ಕಣ್ಣನ್ನು ತಡಕಿ ತಡಕಿ ಮತ್ತೆ ಹೊತ್ತಿಸಿ, ಕ್ಯಾಮೆರಾ ಎತ್ತಿ, "ನೋಡಿ, ಇಂಗೆ" ಎಂದು ಒತ್ತಿ ತೋರಿಸಿದ.

ಸಣ್ಣ ಬೆಳಕು ಮಿನುಗಿತು. ಹಾಲಿನ ಆ ತುದಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ ಮಂಚಯ್ಯನ ಎಡಗೈ, ಅವನನ್ನು ಕೇಳದೆಯೇ, ಮೇಜಿನ ಮೇಲೆ ಡಬಡಬಡಬ ಎಂದು ಬಡಿಯಿತು. ಸಾಂಬಾರಿನ ಬಕೆಟ್ ಹಿಡಿದವನು ಬೆಚ್ಚಿ ನಿಂತ. ಆಮೇಲೆ ದೊಡ್ಡ ಬೆಳಕು ಬಿತ್ತು.

ಇಡೀ ಪಂಕ್ತಿಯೇ ನಕ್ಕಿತು. ನಕ್ಕು ನಕ್ಕು ಅನ್ನ ನೆತ್ತಿಗೆ ಹತ್ತಿ ಕೆಮ್ಮಿದರು. "ತಾಳಿ ಎಲ್ಲೈತೆ ಅಂತ ನಂಗೊಬ್ಬುನ್ಗೇ ಗೊತ್ತಿರ್ನಿಲ್ಲ ಅಂದ್ಕಂಡಿದ್ದೆ" ಎಂದು ಪಂಕ್ತಿಯಲ್ಲೇ ಕೂತಿದ್ದ ಗಂಡು ಹೇಳಿದ್ದಕ್ಕೆ ಇನ್ನೊಂದು ಸುತ್ತು ನಕ್ಕರು. "ಗಟ್ಟಿಮೇಳದ ಮಂಜ" ಎಂಬ ಹೆಸರು ಆ ಪಂಕ್ತಿ ಏಳುವ ಮುಂಚೆಯೇ ಹುಟ್ಟಿತು. ಸಂಜೆಯ ಬಸ್ಸಿನಲ್ಲಿ ಅರಕಲಗೂಡಿಗೂ ತಲುಪಿತು.

ಇಬ್ಬರು ನಗಲಿಲ್ಲ. ಒಬ್ಬರು ಕೃಷ್ಣಪ್ಪ. ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ದನಿಯಲ್ಲಿ ಹೇಳಿದರು: "ಅಳಿಯಂದ್ರೇ, ಆ ಡಬ್ಬ ಮಡಗಿ. ಮಿಕ್ಕಿದ್ನ ಶಾಂತರಾಜು ನೋಡ್ಕತಾನೆ. ಊಟುಕ್ ಕೂತ್ಕಳಿ." ಇನ್ನೊಬ್ಬಳು ಪುಟ್ಟಲಕ್ಷ್ಮಮ್ಮ. ಪಾಯಸದಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದಳು. ತಪ್ಪಾಯಿತು ಎನ್ನುವ ಜಾತಿಯವಳಲ್ಲ ಅವಳು. ಬಡಿಸುವವರ ಕಡೆ ತಿರುಗಿ ಗದರಿದಳು.

"ಏನ್ರಪ್ಪಾ ನಿಂತ್ಕಂಡ್ ನೋಡ್ತೀರಿ? ನಮ್ ಬೀಗರ ಮನೆ ಹಿರಿಯಮ್ಮ ಉಂಡ್ರಾ ಇಲ್ವಾ? ಇಲ್ಲೊಂದ್ ಎಲೆ ಆಕಿ, ನನ್ ಪಕ್ದಾಗೆ. ಓಗಿ, ಕರ್ಕಂಡ್ ಬನ್ನಿ."

ಯಮುನಾ ಕೈ ಹಿಡಿದು ಕರೆತಂದಳು. ಅಜ್ಜಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಪುಟ್ಟಲಕ್ಷ್ಮಮ್ಮ ಕೈ ಚಾಚಿ, ಅಜ್ಜಿಯ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಯ ಕಾಳು ತೆಗೆಯಹೋದಳು. ಏನನ್ನಿಸಿತೋ, ತೆಗೆಯದೆ ಹಾಗೇ ಬಿಟ್ಟಳು. ಮಂಜೇಶ ಎದುರು ಸಾಲಿನಲ್ಲಿ ಕೂತು, ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದ.

ಕೃಷ್ಣಪ್ಪನವರ ಮನೆಯ ಹಾಲಿನ ಗೋಡೆಗೆ ಇವತ್ತಿಗೂ ಆ ಮದುವೆಯ ಯಾವ ಫೋಟೊವನ್ನೂ ಹಾಕಿಲ್ಲ. ವರ್ಷಾಳ ಆಲ್ಬಮ್ಮಿನಲ್ಲಿ ಮಾತ್ರ ಅಜ್ಜಿಯ ಫೋಟೊ ಮೊದಲನೇ ಹಾಳೆಯಲ್ಲಿದೆ. ಬಂದ ನೆಂಟರು ಆಲ್ಬಮ್ ತೆಗೆದು, ಅಬ್ಬಾ ಇದ್ಯಾರ್ ತಗುದ್ರು ಎಂದು ಕೇಳಿದರೆ, ಅಲ್ಲೇ ಕೂತಿದ್ದ ಮಂಜೇಶ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗುತ್ತಾನೆ. ಅವರು ಆ ಹಾಳೆ ತಿರುವುವ ತನಕ ತೆಂಗಿನಮರದ ಕೆಳಗೆ ಮೇಲೆ ನೋಡಿಕೊಂಡು ನಿಂತಿರುತ್ತಾನೆ.

ನಂಬಲಿಲ್ಲ ಅಂತ ಕಾಣುತ್ತದೆ. ಆಯಿತು. ನಿಮ್ಮ ಮನೆಯ ಮದುವೆ ಆಲ್ಬಮ್ ಎಲ್ಲಿದೆ? ಬೀರುವಿನ ಮೇಲೋ, ಮಂಚದ ಕೆಳಗೋ? ಏಳಿ, ತನ್ನಿ. ತಾಳಿ ತಟ್ಟೆ ಗಂಡ ತೀರಿಕೊಂಡ ನಿಮ್ಮಜ್ಜಿಯ ಮುಂದೆ ನಿಂತಿರುವ ಒಂದೇ ಒಂದು ಫೋಟೊ ಹುಡುಕಿ ತೋರಿಸಿ. ತೋರಿಸಿದರೆ ಈ ಕಥೆಯಲ್ಲಿ ಅರ್ಧ ಸುಳ್ಳು ಎಂದು ಈಗಲೇ ಒಪ್ಪಿಕೊಳ್ಳಲಾಗುವುದು.